ಬೇಕಿದ್ದದ್ದು ಬೊಗಳುವ ನಾಯಿ: ಒಂದು ಮನೆಯ ಪ್ರಕರಣ

"ಸಾರ್, ಜಾತಿ ಆರಿಸೋದರಲ್ಲೇ ತಪ್ಪು ಮಾಡಿಬಿಟ್ಟೆವು. ಈ ಸಲ ನಿಯತ್ತಿರೋ ನಾಯಿ ಬೇಕು. ಡಾಬರ್‌ಮನ್ ತರಲಾ?"

ಫೋನಿನಲ್ಲಿ ಮೊದಲು ಕೇಳಿದ್ದು ಈ ಮಾತು. ಹಿಂದೆ ಒಂದು ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಅವರದ್ದೇ ನಾಯಿ, ಹನ್ನೊಂದು ತಿಂಗಳ ಗಂಡು ರಾಟ್‌ವೀಲರ್. ಅದನ್ನು ಯಾರಿಗಾದರೂ ಕೊಟ್ಟು ಬೇರೆ ಜಾತಿ ತರಬೇಕು ಅನ್ನುವುದು ಅವರ ಯೋಚನೆ.

ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅದಕ್ಕಿಂತ ಜಾಸ್ತಿ ಹೊತ್ತು ಮನೆಯವರಿಗೆ ತರಬೇತಿ ಕೊಡುವುದರಲ್ಲೇ ಹೋಗುತ್ತದೆ ಅನ್ನಿ. ಈ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾಯಿಗೂ ಬೇರೆ ಹೆಸರು: ಕರಿಯ.

ಹಿನ್ನೆಲೆ

ಬೀದಿಯ ಕೊನೆಯ ಮನೆ. ಸುತ್ತ ಆಳೆತ್ತರದ ಕಾಂಪೌಂಡ್, ಹಿಂದೆ ಖಾಲಿ ಜಾಗ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಎಪ್ಪತ್ತು ದಾಟಿದ ತಾತ. ಒಂದು ರಾತ್ರಿ ಪಕ್ಕದ ಮನೆಗೆ ಕಳ್ಳರು ನುಗ್ಗಿದರು, ಅದೂ ಮನೆಯವರು ಒಳಗೆ ಮಲಗಿದ್ದಾಗ. ಆಮೇಲೆ ಈ ಮನೆಯ ಯಜಮಾನರಿಗೆ ಹದಿನೈದು ದಿನ ಸರಿಯಾಗಿ ನಿದ್ದೆ ಇಲ್ಲ. ಎದ್ದೆದ್ದು ಹೋಗಿ ಹಿತ್ತಲ ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದರಂತೆ.

ನಾಯಿ ತರುವ ತೀರ್ಮಾನ ಆಗಿದ್ದು ಆ ಹದಿನೈದು ದಿನದೊಳಗೆ. ಹೆದರಿಕೊಂಡಿರುವಾಗ ನಾಯಿ ಹುಡುಕಲು ಹೊರಟವರ ಕಣ್ಣ ಮುಂದೆ ಕಳ್ಳನೊಬ್ಬನೇ ಇರುತ್ತಾನೆ. ದಿನಾ ಮನೆಗೆ ಬಂದು ಹೋಗುವ ಪೇಪರ್ ಹುಡುಗ, ಮಗಳ ಗೆಳತಿಯರು, ನೆಂಟರು ಯಾರೂ ನೆನಪಿಗೆ ಬರುವುದಿಲ್ಲ. ಇವರೂ ಅಷ್ಟೇ. ಒಂದಷ್ಟು ವಿಡಿಯೊ ನೋಡಿದರು, ತಲೆ ದಪ್ಪ ಇರುವ ಮರಿಯೇ ಬೇಕೆಂದರು, ಆರು ವಾರದ ಮರಿ ತಂದರು. ತಾಯಿನಾಯಿಯನ್ನು ನೋಡಲಿಲ್ಲ. ಕೇಳಿದ್ದಕ್ಕೆ "ಬೇರೆ ಕಡೆ ಇದೆ" ಅಂದನಂತೆ ಮಾರಿದವನು.

ಆರು ವಾರ ಅಂದರೆ ಬೇಗ ಆಯಿತು. ಕನಿಷ್ಠ ಎಂಟು ವಾರ ಮರಿ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇರಬೇಕು. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ. ಹಲ್ಲಿಗೆ ಎಷ್ಟು ಬಲ ಕೊಡಬೇಕು ಅನ್ನುವುದನ್ನು ಮರಿ ಕಲಿಯುವುದು ಹಾಗೆ.

ಮಾರಿದವನು ಇನ್ನೊಂದು ಬುದ್ಧಿಮಾತನ್ನೂ ಹೇಳಿ ಕಳಿಸಿದ್ದ. "ಹೊರಗಿನವರಿಗೆ ಮುಟ್ಟೋಕೆ ಬಿಡಬೇಡಿ. ಹಗಲು ಕಟ್ಟಿಹಾಕಿ. ಆಗ ಖಡಕ್ ಆಗುತ್ತೆ." ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕರಿಯನ ವಿಷಯದಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೆ ಬಿಡಬೇಡಿ ಅಂತ ಡಾಕ್ಟರ್ ಹೇಳಿದ್ದರು. ಅದು ಸುಮ್ನೆ ಹೇಳಿದ ಮಾತಲ್ಲ. ಪಾರ್ವೊ ವೈರಸ್ ಮರಿಗಳನ್ನು ಕೊಲ್ಲುತ್ತದೆ. ರಾಟ್‌ವೀಲರ್, ಡಾಬರ್‌ಮನ್ ಮರಿಗಳಿಗಂತೂ ಅದರ ಅಪಾಯ ಉಳಿದವಕ್ಕಿಂತ ಹೆಚ್ಚು. ಆದರೆ "ಹೊರಗೆ ಬಿಡಬೇಡಿ" ಅನ್ನುವುದನ್ನು ಇವರು "ಯಾರಿಗೂ ತೋರಿಸಬೇಡಿ" ಅಂತ ತಿಳಿದುಕೊಂಡರು. ಎತ್ತಿಕೊಂಡು ಬೀದಿ ತೋರಿಸಬಹುದಿತ್ತು, ಮನೆಗೆ ಬಂದವರ ತೊಡೆ ಮೇಲೆ ಕೂರಿಸಬಹುದಿತ್ತು. ಮಾಡಲಿಲ್ಲ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ಗಮನಿಸಿದ್ದರು. ಸುಮಾರು 3ರಿಂದ 12 ವಾರದೊಳಗೆ ಕಂಡದ್ದನ್ನು ಮರಿ ಲೋಕದ ಮಾಮೂಲಿ ಸಂಗತಿ ಅಂತ ಒಪ್ಪಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಾಣದೇ ಹೋದದ್ದು ಆಮೇಲೆ ಭಯ ಹುಟ್ಟಿಸುತ್ತದೆ. ಕರಿಯನಿಗೆ ಆ ವಾರಗಳಲ್ಲಿ ಕಂಡದ್ದು ಐದು ಜನ, ಒಂದು ಗೇಟು, ಒಂದು ನೀರಿನ ಡ್ರಮ್.

ನಾನು ಹೋದ ದಿನ

ಗೇಟಿನ ಪಕ್ಕದಲ್ಲಿ ಕಬ್ಬಿಣದ ಗೂಟ. ಅದರ ಸುತ್ತ ಸರಪಳಿಯ ಉದ್ದಕ್ಕೆ ಸರಿಯಾಗಿ ನೆಲ ಸವೆದು ಒಂದು ಗುಂಡನೆಯ ದಾರಿ ಬಿದ್ದಿತ್ತು. ಒಳಗೆ ಒಂದು ಹುಲ್ಲುಕಡ್ಡಿ ಇಲ್ಲ, ಹೊರಗೆ ಹಸಿರು ಹಾಗೇ ಇತ್ತು. ನಾಯಿ ನನ್ನನ್ನು ನೋಡಿದ್ದೇ ಸರಪಳಿ ಜಗ್ಗಿ ಬೊಗಳತೊಡಗಿತು. ಕತ್ತಿನಲ್ಲಿ ಎರಡು ಬೆರಳಗಲ ಕೂದಲೇ ಇಲ್ಲ. ಚರ್ಮ ಕೆಂಪಾಗಿ ಜಿನುಗುತ್ತಿತ್ತು.

"ನೋಡಿ ಸಾರ್, ಎಷ್ಟು ಜೋರು" ಅಂದರು ಯಜಮಾನರು. ಅವರ ದನಿಯಲ್ಲಿ ಬೇಜಾರೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ನನಗೆ ಕಂಡದ್ದು ಬೇರೆ. ನಾಯಿಯ ಭಾರ ಪೂರ್ತಿ ಹಿಂಗಾಲ ಮೇಲಿತ್ತು. ಬಾಲ ಹೊಟ್ಟೆಯ ಕೆಳಗೆ ಸೇರಿತ್ತು. ಎರಡು ಹೆಜ್ಜೆ ನುಗ್ಗುವುದು, ಮೂರು ಹೆಜ್ಜೆ ಹಿಂದೆ ಸರಿಯುವುದು. ದನಿ ಕೀರಲು. ನಾನು ಪಕ್ಕಕ್ಕೆ ತಿರುಗಿ, ದೂರದಲ್ಲಿ ನೆಲದ ಮೇಲೆ ಕೂತೆ. ಅದರ ಕಡೆ ನೋಡಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಬೊಗಳುವುದು ನಿಂತಿತು. ಒಂದು ದೊಡ್ಡ ಆಕಳಿಕೆ ತೆಗೆದು ನೆಲ ಮೂಸತೊಡಗಿತು.

ಯಜಮಾನರು ಫೋನ್ ಬಂತೆಂದು ಒಳಗೆ ಹೋದಾಗ ತಾತ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಹೋದ ತಿಂಗಳು ಚೆಂಡು ತಗೊಳ್ಳೋಕೆ ಒಬ್ಬ ಹುಡುಗ ಗೋಡೆ ಹಾರಿ ಬಂದಿದ್ದ. ಇದು ಆ ಡ್ರಮ್ ಹಿಂದೆ ಹೋಗಿ ಕೂತು ಉಚ್ಚೆ ಹೊಯ್ಕೊಂಡಿತು. ಮಗನಿಗೆ ಹೇಳಿಲ್ಲ. ಬೇಜಾರು ಮಾಡ್ಕೊಳ್ತಾನೆ ಅಂತ."

ಕಾವಲಿಗೆ ತಂದ ನಾಯಿಯ ನಿಜವಾದ ಸ್ಥಿತಿ ಇದು. ಗೇಟಿನಾಚೆ ಇದ್ದವರನ್ನು ಬೊಗಳಿ ಓಡಿಸುತ್ತಿತ್ತು. ಪೇಪರ್ ಹುಡುಗ ಪೇಪರ್ ಎಸೆದು ಹೇಗೂ ಹೋಗುತ್ತಾನೆ, ಆದರೆ ನಾಯಿಯ ಲೆಕ್ಕದಲ್ಲಿ ಅವನು ಓಡಿದ್ದು ತನ್ನ ಬೊಗಳುವಿಕೆಯಿಂದ. ದಿನಾ ಗೆಲುವು, ದಿನಾ ಜೋರು. ರಾತ್ರಿ ಎಲೆ ಬಿದ್ದರೂ ಬೊಗಳುತ್ತಿತ್ತು. ಹುಲಿ ಬಂತು ಹುಲಿ ಕತೆಯ ಹಾಗೆ ಮನೆಯವರು ಏಳುವುದನ್ನೇ ಬಿಟ್ಟಿದ್ದರು. ನನಗೆ ಫೋನ್ ಮಾಡಿದ್ದು ಮಗಳ ಗೆಳತಿಯ ಅಂಗಿಯ ತೋಳು ಹರಿದ ಮೇಲೆ. ಪುಣ್ಯಕ್ಕೆ ಹಲ್ಲು ಚರ್ಮಕ್ಕೆ ತಾಗಿರಲಿಲ್ಲ.

ಒಂದು ವಾರದ ಲೆಕ್ಕ

ಯಾವ ಜಾತಿ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು ಒಂದು ವಾರ ಎರಡೇ ವಿಷಯ ಬರೆದಿಡಲು ಹೇಳಿದೆ. ಗೇಟಿಗೆ ಯಾರು ಬಂದರು? ನಾಯಿಯ ಜೊತೆ ಯಾರು ಎಷ್ಟು ನಿಮಿಷ ಕಳೆದರು?

ಬರೆದದ್ದು ಮಗಳು. ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದಿದ್ದಳು. ವಾರದಲ್ಲಿ ಗೇಟಿಗೆ ಬಂದವರು ಮೂವತ್ತೊಂದು. ಅದರಲ್ಲಿ ಇಪ್ಪತ್ತಾರು ಮನೆಗೆ ಗೊತ್ತಿರುವವರು, ಬರಬೇಕಾದವರು. ಕಳ್ಳರು ಸೊನ್ನೆ. ನಾಯಿಯ ಜೊತೆ ಕಳೆದ ಹೊತ್ತು: ತಾತ ದಿನಕ್ಕೆ ಎರಡು ಸಲ ಊಟ ಹಾಕುವಾಗ ಹತ್ತು ಹತ್ತು ನಿಮಿಷ, ಅಪ್ಪ ಭಾನುವಾರ ಅರ್ಧ ಗಂಟೆ, ಅಮ್ಮ ಇಲ್ಲ, ತಾನು "ದೂರದಿಂದ ಮಾತಾಡಿಸಿದೆ".

ಆ ಪುಟ ನೋಡಿ ಯಜಮಾನರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಕಳ್ಳ ಬಂದರೆ ನಾಯಿ ಏನು ಮಾಡಬೇಕು? "ಹಿಡೀಬೇಕು" ಅಂದರು. ಹಿಡಿದ ಮೇಲೆ ಬಿಡಿಸುವವರು ಯಾರು? ಅಲ್ಲೇ ಇದ್ದ ಅವರ ಹೆಂಡತಿ ಅಂದರು: "ನನಗೆ ಹಿಡಿಯೋದೆಲ್ಲ ಬೇಡ. ಯಾರೋ ಬಂದಿದ್ದಾರೆ ಅಂತ ಗೊತ್ತಾದರೆ ಸಾಕು."

ಕಾವಲು ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ಯಾರೋ ಬಂದರು ಅಂತ ಎಚ್ಚರಿಸುವುದು. ಇನ್ನೊಂದು, ಬಂದವರ ಮೈಮೇಲೆ ಬೀಳುವುದು. ಮೊದಲನೆಯದಕ್ಕೆ ಕಿವಿ ಚುರುಕಾಗಿರುವ, ಮನೆಯವರ ಜೊತೆ ಹೊಂದಿಕೊಂಡ ಯಾವ ನಾಯಿಯಾದರೂ ನಡೆಯುತ್ತದೆ, ಹತ್ತು ಕಿಲೋದ್ದೂ ಆಗಬಹುದು. ಎರಡನೆಯದಕ್ಕೆ ಗಟ್ಟಿ ಮನಸ್ಸಿನ ನಾಯಿ, ವರ್ಷಗಟ್ಟಲೆ ತರಬೇತಿ, ದಿನಾ ಅದರ ಜೊತೆ ಕೆಲಸ ಮಾಡುವ ಒಬ್ಬ ಮನುಷ್ಯ ಬೇಕು. ಈ ಮನೆಗೆ ಬೇಕಿದ್ದದ್ದು ಮೊದಲನೆಯದು.

ಜಾತಿಯ ಮಾತು

ಹಾಗಾದರೆ ಜಾತಿಗೆ ಬೆಲೆಯೇ ಇಲ್ಲವಾ ಅಂತ ಅವರು ಕೇಳಿದರು. ಇದೆ. ಡಾಬರ್‌ಮನ್ ವಿಷಯಕ್ಕೇ ಬರೋಣ ಅಂದೆ. ಜರ್ಮನಿಯ ಅಪೋಲ್ಡಾದಲ್ಲಿ 19ನೇ ಶತಮಾನದ ಕೊನೆಗೆ ಆ ತಳಿಯನ್ನು ಬೆಳೆಸಿದ ಕಾರ್ಲ್ ಫ್ರೀಡ್ರಿಖ್ ಲೂಯಿ ಡೋಬರ್‌ಮನ್ ತೆರಿಗೆ ವಸೂಲಿಯ ಕೆಲಸವನ್ನೂ ಮಾಡುತ್ತಿದ್ದವನು. ಮನುಷ್ಯನ ಪಕ್ಕದಲ್ಲೇ ಇರಲೆಂದು ಬೆಳೆಸಿದ ನಾಯಿ ಅದು. ಈಗಲೂ ಬಾತ್‌ರೂಮಿನ ಬಾಗಿಲವರೆಗೂ ಹಿಂದೆ ಬರುತ್ತದೆ. ಅದನ್ನು ಗೇಟಿಗೆ ಕಟ್ಟಿದರೆ ಕರಿಯನಿಗಿಂತ ಬೇಗ ಕೆಡುತ್ತದೆ. ಹೃದಯದ ಸ್ನಾಯು ಹಿಗ್ಗಿ ಸೋಲುವ ಕಾಯಿಲೆಯೂ ಈ ತಳಿಯಲ್ಲಿ ಜಾಸ್ತಿ.

ಜರ್ಮನ್ ಶೆಫರ್ಡ್? ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಅದನ್ನು ತಳಿಯಾಗಿ ರೂಪಿಸಲು ಹೊರಟಾಗ ಕಣ್ಣ ಮುಂದಿದ್ದದ್ದು ದಿನವಿಡೀ ಕುರಿಮಂದೆಯ ಅಂಚಿನಲ್ಲಿ ಓಡಾಡುವ ನಾಯಿ. ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಓಡುವ ಮಕ್ಕಳನ್ನು ಅಟ್ಟುವುದು ಅದರಲ್ಲೊಂದು. ಬೆಲ್ಜಿಯನ್ ಮಲಿನ್ವಾ ಪೊಲೀಸರ ಕೈಯಲ್ಲಿ ಚಂದ. ಈ ಮನೆಯ ನೋಟ್‌ಬುಕ್ ನೋಡಿದ ಮೇಲೆ ಅದರ ಹೆಸರು ಎತ್ತುವುದೂ ಪಾಪ. ಕಂಗಾಲ್, ಕಕೇಷಿಯನ್ ಶೆಫರ್ಡ್‌ನಂಥವು ಮಂದೆಯ ಜೊತೆಗೇ ಇದ್ದು, ಹತ್ತಿರ ಯಾರೂ ಇಲ್ಲದಾಗ ತಾವೇ ತೀರ್ಮಾನ ಮಾಡಲು ಬೆಳೆದವು. ವಾರಕ್ಕೆ ಮೂವತ್ತೊಂದು ಜನ ಬರುವ ಗೇಟಿನಲ್ಲಿ ನಾಯಿಯೇ ತೀರ್ಮಾನ ಮಾಡುವುದು ಬೇಡ, ಅಲ್ವಾ?

ಇನ್ನೊಂದು ಕಡೆಯ ಮಾತನ್ನೂ ಹೇಳಿದೆ. 2022ರಲ್ಲಿ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು, 2,000ಕ್ಕೂ ಹೆಚ್ಚು ನಾಯಿಗಳ ಜೀನ್ ಓದಿ ಮಾಡಿದ ಒಂದು ಅಧ್ಯಯನ ಬಂತು. ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸರಾಸರಿ ಸುಮಾರು 9% ಮಾತ್ರ ಅಂತ ಅದರಲ್ಲಿ ಕಂಡುಬಂತು. ಈ ಅಂಕಿ ಹಿಡಿದು "ಜಾತಿ ಅನ್ನೋದೇ ಸುಳ್ಳು" ಅನ್ನುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ರಾಟ್‌ವೀಲರ್ ಗಂಡು 50 ಕಿಲೋ ದಾಟಿಯೂ ತೂಗಬಹುದು. ಸ್ವಭಾವ ಹೇಗೇ ಇರಲಿ, ಅಷ್ಟು ತೂಕ ತಪ್ಪು ಮಾಡಿದರೆ ಅದರ ಪೆಟ್ಟು ಬೇರೆಯೇ.

ನಿಯತ್ತು? ಜಪಾನಿನ ಹಚಿಕೋ ಕತೆ ಎಲ್ಲರಿಗೂ ಗೊತ್ತು. 1925ರಲ್ಲಿ ಒಡೆಯ ತೀರಿಕೊಂಡ ಮೇಲೂ 1935ರಲ್ಲಿ ತಾನು ಸಾಯುವವರೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಕಾದ ಅಕಿಟಾ ತಳಿಯ ನಾಯಿ. ಅದನ್ನು ಕೇಳಿ ಅಕಿಟಾ ತಂದವರನ್ನೂ ಕಂಡಿದ್ದೇನೆ. ಹಚಿಕೋಗೆ ದಿನಾ ಸಂಜೆ ಎದುರುಗೊಳ್ಳಲು ಒಬ್ಬ ಮನುಷ್ಯ ಇದ್ದ ಅನ್ನುವ ಭಾಗ ಅವರಿಗೆ ನೆನಪಿರುವುದಿಲ್ಲ.

ಮಾಡಿ ನೋಡಿದ್ದು

ಅವರ ಮುಂದೆ ಇನ್ನೊಂದು ದಾರಿಯೂ ಇತ್ತು. ಕರಿಯನನ್ನು ಮೂರು ತಿಂಗಳು ದೂರ ಕಳಿಸಿ "ಗಾರ್ಡ್ ಟ್ರೈನಿಂಗ್" ಕೊಡಿಸುವುದು. ನಾನು ಬೇಡವೇ ಬೇಡ ಅಂದೆ. ಹೆದರಿದ ನಾಯಿಗೆ ಕಚ್ಚಲು ಕಲಿಸಿದರೆ ಅದು ಕಳ್ಳನನ್ನು ಆರಿಸಿ ಕಚ್ಚುವುದಿಲ್ಲ, ಹತ್ತಿರ ಇದ್ದವರನ್ನು ಕಚ್ಚುತ್ತದೆ. ಮೊದಲು ಕರಿಯನನ್ನೇ ಸರಿಮಾಡಿ ನೋಡೋಣ ಅಂತ ತೀರ್ಮಾನವಾಯಿತು.

ಪಶುವೈದ್ಯರು ನೋಡಿ ಕತ್ತಿನ ಗಾಯಕ್ಕೆ ಮದ್ದು ಕೊಟ್ಟರು, ಸೊಂಟ ಕಾಲು ಪರೀಕ್ಷಿಸಿ ನೋವಿಲ್ಲ ಅಂದರು. ಸರಪಳಿ ತೆಗೆದೆವು. ಗೇಟಿನ ಒಳಗೆ ಇನ್ನೊಂದು ಚಿಕ್ಕ ಗೇಟು ಹಾಕಿಸಿ, ನಾಯಿಗೂ ರಸ್ತೆಗೂ ಮಧ್ಯೆ ಅಂತರ ಮಾಡಿದೆವು. ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗುವಂಥ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು (ಕಚ್ಚದಂತೆ ಮೂತಿಗೆ ಹಾಕುವ ಮಜಲ್) ತಿಂಡಿ ಕೊಡುತ್ತಾ ಅಭ್ಯಾಸ ಮಾಡಿಸಿದೆವು. ಯಾರಾದರೂ ದೂರದಲ್ಲಿ ಕಂಡರೆ ತಿಂಡಿ, ಮರೆಯಾದರೆ ತಿಂಡಿ ಇಲ್ಲ. ಎರಡು ವಾರದಲ್ಲಿ ಪೇಪರ್ ಹುಡುಗನನ್ನು ಕಂಡರೆ ಬೊಗಳುವ ಬದಲು ತಾತನ ಕಡೆ ತಿರುಗಿ ನೋಡತೊಡಗಿತು.

ಮೂರನೇ ವಾರ ಎಡವಟ್ಟಾಯಿತು. ಮನೆಗೆ ಬಂದ ನೆಂಟರೊಬ್ಬರ ಕೈಗೆ ಕರಿಯ ಬಾಯಿ ಹಾಕಿತು, ಬಾಯಿಕುಕ್ಕೆ ಇದ್ದದ್ದರಿಂದ ಏನೂ ಆಗಲಿಲ್ಲ. ನನಗೆ ಆಶ್ಚರ್ಯವಾದದ್ದು ಅದು ಗುರ್ ಅನ್ನದೆ ಬಾಯಿ ಹಾಕಿದ್ದು. ಕೇಳುತ್ತಾ ಹೋದಾಗ ತಾತ ಒಪ್ಪಿಕೊಂಡರು: ಮರಿಯಾಗಿದ್ದಾಗಿನಿಂದ ಗುರ್ ಅಂದಾಗಲೆಲ್ಲ ಅವರು ಕೋಲಿನಿಂದ ಒಂದು ಕೊಡುತ್ತಿದ್ದರು. "ಮನೆಯವರ ಮೇಲೆ ಗುರ್ ಅನ್ನಬಾರದಲ್ಲ!" ಅಂದರು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಎಚ್ಚರಿಕೆ ನಿಲ್ಲುತ್ತದೆ, ಭಯ ಹಾಗೇ ಇರುತ್ತದೆ.

ಇಲ್ಲಿ ತಪ್ಪು ನನ್ನದು. ಮೊದಲ ದಿನದಿಂದ ನಾನು ಗಂಡ ಹೆಂಡತಿಯ ಜೊತೆ ಮಾತ್ರ ಮಾತಾಡಿದ್ದೆ. ನಾಯಿಯ ಮನುಷ್ಯ ತಾತ ಅಂತ ಮಗಳ ನೋಟ್‌ಬುಕ್ಕಿನಲ್ಲೇ ಬರೆದಿತ್ತು. ಓದಿಯೂ ತಲೆಗೆ ಹೋಗಿರಲಿಲ್ಲ. ಅಲ್ಲಿಂದ ಮುಂದೆ ತರಬೇತಿ ತಾತನಿಗೆ. ಕೋಲು ಅಟ್ಟಕ್ಕೆ ಹೋಯಿತು. ನಾಲ್ಕು, ಐದು, ಆರನೇ ವಾರ ಚೆನ್ನಾಗಿ ನಡೆದವು. ಯಜಮಾನರೂ ಬೆಳಿಗ್ಗೆ ಅರ್ಧ ಗಂಟೆ ಬೇಗ ಎದ್ದು ನಡೆಸಿಕೊಂಡು ಬರತೊಡಗಿದರು. ಡಾಬರ್‌ಮನ್ ಮಾತು ಮತ್ತೆ ಬರಲಿಲ್ಲ.

ಏಳನೇ ವಾರ

ಜಗಲಿಯ ಮೇಲೆ ಕರಿಯ ಮಲಗಿತ್ತು, ಹಗ್ಗ ತಾತನ ಕೈಯಲ್ಲಿತ್ತು. ಚಿಕ್ಕ ಹುಡುಗ ಅಮ್ಮನ ಕೈ ಹಿಡಿದು ಹಾದು ಹೋಗುವಾಗ ಬಿಸ್ಕತ್ತು ಬೀಳಿಸಿ, ಎತ್ತಿಕೊಳ್ಳಲು ಬಗ್ಗಿದ. ಬಿಸ್ಕತ್ತು ನಾಯಿಯಿಂದ ಎರಡು ಮಾರು ದೂರ. ಕರಿಯನ ಮೈ ಕಲ್ಲಾಯಿತು. ಬಾಯಿ ಮುಚ್ಚಿತು. ತಲೆ ಅಲ್ಲಾಡಲಿಲ್ಲ, ಕಣ್ಣು ಮಾತ್ರ ಹೊರಳಿ ಬಿಳಿ ಕಂಡಿತು. ಎರಡು ಸೆಕೆಂಡ್ ಇರಬಹುದು. ತಾಯಿ ಮಗುವನ್ನು ಎತ್ತಿಕೊಂಡರು, ನಾಯಿ ಉಸಿರು ಬಿಟ್ಟಿತು. ಬೇರೆ ಯಾರಿಗೂ ಏನೂ ಕಾಣಲಿಲ್ಲ.

ಅವತ್ತು ಸಂಜೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಕರಿಯ ಇನ್ನೂ ಸುಧಾರಿಸುತ್ತದೆ. ಆದರೆ ಈ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ, ಅದರ ಮುಖ ನಾಯಿಯ ಮುಖದ ಎತ್ತರಕ್ಕೇ ಇದೆ. ಎಚ್ಚರಿಕೆ ಕೊಡದ, 44 ಕಿಲೋದ ನಾಯಿಯ ಜೊತೆ ಒಂದು ದಿನವೂ ಮೈಮರೆಯುವ ಹಾಗಿಲ್ಲ. ವರ್ಷಗಟ್ಟಲೆ ಒಂದು ದಿನವೂ ಮೈಮರೆಯದ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ.

ಎರಡು ತಿಂಗಳ ಹಿಂದೆ ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದವರು ಅವತ್ತು ಅತ್ತರು. ತಾತ ಎದ್ದು ಹೋಗಿ ನಾಯಿಯ ಪಕ್ಕದಲ್ಲಿ ಕೂತರು.

ಸರಿಯಾದ ಮನೆ ಸಿಗಲು ಹತ್ತು ವಾರ ಹಿಡಿಯಿತು. ಅಲ್ಲಿಯವರೆಗೆ ಮಗು ಒಂದು ಕಡೆ, ನಾಯಿ ಒಂದು ಕಡೆ, ಮಧ್ಯೆ ಯಾವಾಗಲೂ ಮುಚ್ಚಿದ ಬಾಗಿಲು. ಕೊನೆಗೆ ಮಕ್ಕಳಿಲ್ಲದ, ಮೊದಲೂ ದೊಡ್ಡ ನಾಯಿ ಸಾಕಿದ್ದ ದಂಪತಿ ಬಂದರು. ಅಂಗಿ ಹರಿದದ್ದು, ನೆಂಟರ ಕೈಗೆ ಬಾಯಿ ಹಾಕಿದ್ದು ಒಂದನ್ನೂ ಮುಚ್ಚಿಡದೆ ಬರೆದು ಕೊಟ್ಟೆವು. ನಾಲ್ಕು ಸಲ ಬಂದು ನಾಯಿಯ ಜೊತೆ ನಡೆದ ಮೇಲೆಯೇ ಅವರು ಕರೆದುಕೊಂಡು ಹೋದದ್ದು.

ಎರಡನೇ ಸಲದ ಆಯ್ಕೆ

ಆರು ತಿಂಗಳು ಬಿಟ್ಟು ಯಜಮಾನರು ಮತ್ತೆ ಫೋನ್ ಮಾಡಿದರು. ಈ ಸಲ ಮರಿ ಬೇಡ ಅಂತ ನಾನೇ ಹೇಳಿದೆ. ಮರಿ ನೋಡಿ ದೊಡ್ಡದಾದ ಮೇಲೆ ಹೇಗಿರುತ್ತದೆ ಅಂತ ಹೇಳುವುದು ಕಷ್ಟ, ಎರಡು ವರ್ಷ ದಾಟಿದ ನಾಯಿ ತಾನು ಏನು ಅಂತ ತೋರಿಸುತ್ತದೆ. ಮರಿ ಒಂದು ವರ್ಷ ಕಾವಲು ಕಾಯುವುದೂ ಇಲ್ಲ, ಅದನ್ನೇ ನಾವು ಕಾಯಬೇಕು.

ಮಕ್ಕಳಿರುವ ಮನೆಗಳಲ್ಲಿ ಬೆಳೆದ ಮೂರು ನಾಯಿಗಳನ್ನು ನೋಡಿದೆವು. ಪ್ರತಿ ನಾಯಿಯ ಹತ್ತಿರವೂ, ಕಾಣದ ಹಾಗೆ, ಒಂದು ಪಾತ್ರೆ ನೆಲಕ್ಕೆ ಬೀಳಿಸಿದೆ. ಮೊದಲನೆಯದು ಮಂಚದ ಕೆಳಗೆ ಹೋಗಿದ್ದು ಹೊರಗೆ ಬರಲೇ ಇಲ್ಲ. ಎರಡನೆಯದು ಪಾತ್ರೆಯ ಮೇಲೆ ಎಗರಿ ಬೊಗಳಿತು, ಐದು ನಿಮಿಷ ಆದರೂ ನಿಲ್ಲಿಸಲಿಲ್ಲ. ಮೂರನೆಯದು ಬೆಚ್ಚಿಬಿದ್ದು ನಾಲ್ಕು ಸಲ ಬೊಗಳಿತು, ಒಡತಿಯ ಮುಖ ನೋಡಿತು, ಬಂದು ಪಾತ್ರೆ ಮೂಸಿತು, ಹೋಗಿ ಮಲಗಿತು. ಮೂರು ವರ್ಷದ ಹೆಣ್ಣು, 19 ಕಿಲೋ, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ ಇನ್ನೊಂದು ಜೋಲು. ಜಾತಿ ಯಾರಿಗೂ ಗೊತ್ತಿಲ್ಲ. ಒಡತಿ ಬೇರೆ ದೇಶಕ್ಕೆ ಹೋಗುವವರಿದ್ದರು.

ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು: "ಇದಕ್ಕೆ ಯಾರಾದರೂ ಹೆದರ್ತಾರಾ ಸಾರ್?" ಕತ್ತಲಲ್ಲಿ ಗೋಡೆಯಾಚೆ ನಿಂತವನಿಗೆ ಕೇಳುವುದು ದನಿ ಒಂದೇ, ತೂಕ ಕಾಣುವುದಿಲ್ಲ ಅಂದೆ.

ಮನೆಗೆ ಬಂದ ಮೇಲೆ ಅದಕ್ಕೆ ಕಲಿಸಿದ್ದು ಒಂದೇ ಮಾತು: "ಸಾಕು". ಬೊಗಳಿದರೆ ಯಾರಾದರೂ ಎದ್ದು ಹೋಗಿ ನೋಡಬೇಕು, ನೋಡಿ "ಸಾಕು" ಅನ್ನಬೇಕು, ಬಂದರೆ ತಿಂಡಿ ಕೊಡಬೇಕು. ನೋಡದೆ ಮಲಗಿದಲ್ಲಿಂದಲೇ ಕೂಗಿದರೆ ಅದು ಕೇಳುವುದೂ ಇಲ್ಲ, ಕೇಳಬೇಕಾಗಿಯೂ ಇಲ್ಲ. ರಾತ್ರಿ ಮನೆಯೊಳಗೆ, ಹಿತ್ತಲ ಬಾಗಿಲ ಹತ್ತಿರ ಮಲಗುತ್ತದೆ. ಅದರ ಜೊತೆಗೆ ಆ ಬಾಗಿಲಿಗೆ ಗಟ್ಟಿ ಚಿಲಕ, ಹಿಂದಿನ ಗೋಡೆಗೆ ಯಾರಾದರೂ ಓಡಾಡಿದರೆ ಹತ್ತಿಕೊಳ್ಳುವ ದೀಪ. ಇವೆರಡನ್ನೂ ಮೊದಲನೇ ಹದಿನೈದು ದಿನದಲ್ಲೇ ಹಾಕಿಸಬಹುದಿತ್ತು.

ಒಂದೂವರೆ ವರ್ಷವಾಯಿತು. ಕಳ್ಳರು ಬಂದಿಲ್ಲ. ನಾಯಿಯಿಂದ ಬರಲಿಲ್ಲವೋ, ದೀಪದಿಂದಲೋ, ಸುಮ್ನೆ ಬರಲಿಲ್ಲವೋ ಹೇಳಲಾಗುವುದಿಲ್ಲ. ವಾರಕ್ಕೆ ಒಂದೆರಡು ಸಲ ರಾತ್ರಿ ಬೊಗಳುತ್ತದೆ. ಈಗ ಮನೆಯವರು ಏಳುತ್ತಾರೆ.

ಯಾವ ತಳಿ ತರಲಿ ಅಂತ ಕೇಳುವವರಿಗೆ ಈಗ ನಾನು ಮೊದಲು ನೋಟ್‌ಬುಕ್ಕನ್ನೇ ಕೊಡುತ್ತೇನೆ. ಮನೆಯಲ್ಲಿ ನಾಯಿಗೆ ಊಟ ಹಾಕುವವರು ಯಾರೋ ಅವರನ್ನು ಮೊದಲ ದಿನವೇ ಎದುರು ಕೂರಿಸಿಕೊಳ್ಳುತ್ತೇನೆ. ಕೋಲಿನ ವಿಷಯವನ್ನೂ ಕೇಳುತ್ತೇನೆ. ಅರ್ಧ ಜನ ನೋಟ್‌ಬುಕ್ ವಾಪಸ್ ತರುವುದೇ ಇಲ್ಲ.

ಕರಿಯನ ಹೊಸ ಮನೆಯವರು ಹೋದ ವಾರ ಒಂದು ಫೋಟೊ ಕಳಿಸಿದ್ದರು. ತಾತನಿಗೆ ತೋರಿಸಿ ಅಂತ. ಸೋಫಾದ ಮೇಲೆ ನಾಲ್ಕೂ ಕಾಲು ಮೇಲೆತ್ತಿ ಮಲಗಿದೆ, ಪಕ್ಕದಲ್ಲಿ ಮನುಷ್ಯರಿಗೆ ಕೂರಲು ಜಾಗವಿಲ್ಲ. ಕತ್ತಿನ ಗಾಯ ಪೂರ್ತಿ ಮಾಗಿದೆ. ಕೂದಲು ಮತ್ತೆ ಬಂದಿದೆ, ಸರಪಳಿ ಇದ್ದ ಕಡೆ ಮಾತ್ರ ಬೆಳ್ಳಗೆ.